ದಾನವೋ, ಮುಯ್ಯಿಯೋ

ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎಂದು ನಮ್ಮಲ್ಲಿ ಒಂದು ಮಾತಿದೆ. ಸಂತೆಯಲ್ಲಿ ದುಡ್ಡು ಕೊಟ್ಟು ಎಮ್ಮೆ ಹಿಡಿಯುವವನು ಅದರ ಬಾಯಿ ಬಿಡಿಸಿ, ಹಲ್ಲು ನೋಡಿ, ವಯಸ್ಸು ಅಂದಾಜು ಮಾಡುತ್ತಾನೆ. ಅದು ಅವನ ಹಕ್ಕು. ಆದರೆ ಯಾರೋ ಪ್ರೀತಿಯಿಂದ ಕೊಟ್ಟ ಎಮ್ಮೆಯ ಬಾಯಿ ಬಿಡಿಸಿದರೆ ಕೊಟ್ಟವರ ಮನಸ್ಸು ನೋಯುತ್ತದೆ. ಸಂಸಾರದಲ್ಲಿ ಈ ಮಾತು ನಮ್ಮನ್ನು ಎಷ್ಟೋ ಸಲ ಕಾಪಾಡಿದೆ. ಗೃಹಪ್ರವೇಶಕ್ಕೆ ನಾದಿನಿ ತಂದ ಸೀರೆಯ ಸೆರಗು ಬಿಡಿಸಿ, ಜರಿ ಅಸಲಿಯೋ ನಕಲಿಯೋ ಎಂದು ನೋಡಲು ಹೊರಟವಳಿಗೆ ಆ ಸೀರೆ ಉಡುವ ಸಂತೋಷವೂ ಉಳಿಯುವುದಿಲ್ಲ, ನಾದಿನಿಯ ವಿಶ್ವಾಸವೂ ಉಳಿಯುವುದಿಲ್ಲ.

ಆದರೆ ಈ ಮಾತು ಎಲ್ಲ ಕಡೆಯೂ ನಡೆಯುತ್ತದೆಯೆ? ಸಂಬಳವಿಲ್ಲದೆ, ಯಾರ ಬಲವಂತವೂ ಇಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸವನ್ನು ತಿದ್ದುವ ಅಧಿಕಾರ ಇನ್ನೊಬ್ಬರಿಗೆ ಉಂಟೆ? ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವಳು ನನ್ನ ಹಳೆಯ ವಿದ್ಯಾರ್ಥಿನಿ. ನಮ್ಮ ಬಾಗೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿದವಳು; ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಗೌರಿ ಹಬ್ಬಕ್ಕೆ ತವರಿಗೆ ಬಂದವಳು ಅರಿಶಿನ ಕುಂಕುಮಕ್ಕೆಂದು ನಮ್ಮ ಮನೆಗೂ ಬಂದಿದ್ದಳು. ಆಫೀಸಿನ ಕೆಲಸವಲ್ಲದೆ ರಾತ್ರಿ ಹೊತ್ತು, ಭಾನುವಾರ ಅವಳು ಇನ್ನೊಂದು ಕೆಲಸ ಮಾಡುತ್ತಾಳೆ. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದ, ತಿದ್ದಬಹುದಾದ ಒಂದು ಮುಕ್ತ ತಂತ್ರಾಂಶದ ಲೈಬ್ರರಿಗೆ ಬಳಕೆಯ ವಿವರಣೆ ಬರೆಯುವವರನ್ನು ಅವಳು ಒಟ್ಟುಗೂಡಿಸುತ್ತಾಳೆ. ಎಲ್ಲರೂ ಸ್ವಯಂಸೇವಕರು. ಅವರಲ್ಲಿ ಒಬ್ಬ ಹುಡುಗ ಬರೆದ ಪುಟವನ್ನು ಇವಳು ಹನ್ನೊಂದು ಕಡೆ ಗುರುತು ಹಾಕಿ ವಾಪಸು ಕಳಿಸಿದಳಂತೆ. ಅವನು, “ಬಿಟ್ಟಿ ಮಾಡೋ ಕೆಲಸಕ್ಕೆ ಇಷ್ಟು ದಬ್ಬಾಳಿಕೆಯಾ? ನೀವೇನು ನಂಗೆ ಸಂಬಳ ಕೊಡ್ತೀರಾ?” ಎಂದು ಬರೆದು ಗುಂಪು ಬಿಟ್ಟುಹೋದ.

“ಮಿಸ್, ನಾನು ಮಾಡಿದ್ದು ತಪ್ಪಾ? ಬಿಟ್ಟಿ ದುಡಿಯೋರನ್ನ ತಿದ್ದಬಾರದಾ?” ಎಂದು ಕೇಳಿದಳು. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಉತ್ತರಿಸುವ ಪ್ರಶ್ನೆ ಅದಾಗಿರಲಿಲ್ಲ.

ಮೊದಲು ಈ ಲೈಬ್ರರಿ ಎಂದರೆ ಏನು ಎಂದು ಹೇಳಬೇಕು. ಅದು ಪುಸ್ತಕ ಜೋಡಿಸಿಟ್ಟ ಗ್ರಂಥಾಲಯವಲ್ಲ. ನಾವು ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಡಬ್ಬಿಯಲ್ಲಿ ತುಂಬಿಡುತ್ತೇವಲ್ಲ, ಹಾಗೆ. ಪ್ರತಿ ದಿನವೂ ಕೊತ್ತಂಬರಿ ಬೀಜ, ಮೆಣಸಿನಕಾಯಿ ಹುರಿಯುತ್ತ ಕೂರಬೇಕಿಲ್ಲ. ಡಬ್ಬಿ ತೆಗೆದು ಎರಡು ಚಮಚ ಹಾಕಿದರೆ ಆಯಿತು. ಹಾಗೆಯೇ ಕಂಪ್ಯೂಟರಿನಲ್ಲಿ ಎಲ್ಲರಿಗೂ ಪದೇ ಪದೇ ಬೇಕಾಗುವ ಲೆಕ್ಕಗಳನ್ನು, ಕೆಲಸಗಳನ್ನು ಒಮ್ಮೆ ಬರೆದು ಕಟ್ಟಿಟ್ಟರೆ ಅದು ಲೈಬ್ರರಿ. ಆದರೆ ಡಬ್ಬಿಯ ಮೇಲೆ ಚೀಟಿ ಇಲ್ಲದಿದ್ದರೆ? ಅತ್ತೆಯ ಅಡುಗೆಮನೆಗೆ ಹೊಸದಾಗಿ ಕಾಲಿಟ್ಟ ಸೊಸೆಯನ್ನು ನೆನೆಯಿರಿ. ಕೆಂಪು ಪುಡಿಯ ನಾಲ್ಕು ಡಬ್ಬಿ. ಯಾವುದು ಯಾವುದು, ಎಷ್ಟು, ಬೇಳೆ ಬೆಂದ ಮೇಲೋ ಮೊದಲೋ? ಕೇಳಿದರೆ ಅತ್ತೆ, “ಹದ ನೋಡಿ ಹಾಕವ್ವ” ಎನ್ನುತ್ತಾರೆ. ಹದ ಗೊತ್ತಿದ್ದವರಿಗೆ ಆ ಮಾತು ಸಾಕು. ಗೊತ್ತಿಲ್ಲದವರಿಗೆ ಚೀಟಿ ಬೇಕು. ಅಂಥ ಚೀಟಿ ಬರೆಯುವುದೇ ನನ್ನ ವಿದ್ಯಾರ್ಥಿನಿಯ ಗುಂಪಿನ ಕೆಲಸ.

ಈ ಕೆಲಸಕ್ಕೆ ಒಂದು ಒಳ್ಳೆಯ ನಿದರ್ಶನವಿದೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗೆ ನಂಪೈ ಎಂಬ ಲೈಬ್ರರಿ ಇದೆ. ಲಕ್ಷಗಟ್ಟಲೆ ಅಂಕಿಗಳನ್ನು ಸಾಲುಸಾಲಾಗಿ ಇಟ್ಟು ಒಟ್ಟಿಗೇ ಲೆಕ್ಕ ಮಾಡುವುದು ಅದರ ಕೆಲಸ. 2019ರಲ್ಲಿ ಕಪ್ಪುರಂಧ್ರದ ಮೊದಲ ಚಿತ್ರವನ್ನು ಲೋಕಕ್ಕೆ ತೋರಿಸಿದ ವಿಜ್ಞಾನಿಗಳು ಕೂಡ ಅದನ್ನು ಬಳಸಿದ್ದರು. ಅದಕ್ಕಿಂತ ಹತ್ತು ಹನ್ನೊಂದು ವರ್ಷ ಹಿಂದೆ ಆ ಲೈಬ್ರರಿಯಲ್ಲಿ ಪುಡಿ ಬೇಕಾದಷ್ಟಿತ್ತು, ಚೀಟಿಗಳು ಮಾತ್ರ ಕಡಿಮೆ. ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನದ ಅಧ್ಯಾಪಕ ಜೋಸೆಫ್ ಹ್ಯಾರಿಂಗ್ಟನ್ ಅದನ್ನು ತರಗತಿಯಲ್ಲಿ ಬಳಸಿದಾಗ ವಿದ್ಯಾರ್ಥಿಗಳು ವಿವರಣೆಯಿಲ್ಲದೆ ಒದ್ದಾಡಿದರು. ಮುಂದಿನ ವರ್ಷದ ಮಕ್ಕಳಿಗೆ ಈ ಕಷ್ಟ ಬೇಡ ಎಂದು ಅವರು 2008ರಲ್ಲಿ ಸ್ವಯಂಸೇವಕರಿಗೆ ಕರೆ ಕೊಟ್ಟರು. ಬೇರೆ ಬೇರೆ ದೇಶದವರು ಬರೆಯಲು ಮುಂದೆ ಬಂದರು. ಎಲ್ಲರನ್ನೂ ಒಂದು ದಾರಿಗೆ ತರಲು ಸ್ಟೆಫಾನ್ ವಾನ್ ಡರ್ ವಾಲ್ಟ್ ಎಂಬ ತರುಣನನ್ನು ನೇಮಿಸಿಕೊಂಡರು. ಸಾಕಷ್ಟು ಬರೆದವರಿಗೆ ನೆನಪಿಗೆಂದು ಒಂದು ಟೀ ಷರ್ಟು ಕೊಡುವ ಏರ್ಪಾಡೂ ಇತ್ತು!

ಈ ಕಥೆಯಲ್ಲಿ ನನ್ನ ಗಮನ ಸೆಳೆದದ್ದು ಟೀ ಷರ್ಟಲ್ಲ. ಒಬ್ಬರು ಬರೆದ ಪುಟ ಬರೆದ ಕೂಡಲೇ ಮುಗಿದಂತೆ ಆಗುತ್ತಿರಲಿಲ್ಲ. ಅದನ್ನು ಇನ್ನೊಬ್ಬರು ಓದಿ ನೋಡಬೇಕು, ಕೊರತೆ ಕಂಡರೆ ಹಿಂದಕ್ಕೆ ಕಳಿಸಬೇಕು, ಒಪ್ಪಿಗೆಯಾದ ಮೇಲೆ ಕೊನೆಯ ಕಣ್ಣು ಹಾಯಿಸಬೇಕು. ಯಾವ ಪುಟ ಯಾವ ಹಂತದಲ್ಲಿದೆ ಎಂದು ಎಲ್ಲರಿಗೂ ಕಾಣುವ ಹಾಗೆ ಗುರುತು ಇರುತ್ತಿತ್ತು. ಎಂದರೆ ಅಲ್ಲಿ ದಾನದ ಎಮ್ಮೆಗಳ ಹಲ್ಲನ್ನು ಎಣಿಸುತ್ತಲೇ ಇದ್ದರು. ಆದರೂ ಜನ ಬರೆದರು.

ಇದು ಹೇಗೆ ಸಾಧ್ಯ? ಗಾದೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಗೊತ್ತಾಗುತ್ತದೆ. ಗಾದೆಯ ಎಮ್ಮೆಯನ್ನು ಪಡೆದವನೂ, ಅದರ ಹಲ್ಲು ನೋಡುವವನೂ ಒಬ್ಬನೇ. ಎಮ್ಮೆ ಮುದಿಯಾಗಿದ್ದರೆ ನಷ್ಟ ಅವನಿಗೇ. ಆದ್ದರಿಂದ ಸುಮ್ಮನಿರುವುದು ಅವನ ದೊಡ್ಡತನ. ಆದರೆ ನನ್ನ ವಿದ್ಯಾರ್ಥಿನಿಗೆ ಆ ಪುಟದಿಂದ ಆಗಬೇಕಾದ್ದು ಏನೂ ಇರಲಿಲ್ಲ. ಅವಳು ಪಡೆದವಳಲ್ಲ, ಸಾಗಿಸುವವಳು. ಪಡೆಯುವವರು ಬೇರೆ ಎಲ್ಲೋ ಇದ್ದಾರೆ. ರಾತ್ರಿ ಹನ್ನೊಂದು ಗಂಟೆಗೆ ಹಾಸ್ಟೆಲಿನ ಕೋಣೆಯಲ್ಲಿ ಅದನ್ನು ಓದಿ, ಅಲ್ಲಿ ಬರೆದ ಹಾಗೆಯೇ ಮಾಡಿ, ಉತ್ತರ ಬಾರದೆ, ತಪ್ಪು ಪುಟದ್ದಲ್ಲ, ತನ್ನ ದಡ್ಡತನದ್ದೇ ಎಂದು ಅಳುವ ಹುಡುಗಿ ಪಡೆಯುವವಳು. ಅವಳ ಪರವಾಗಿ “ಪರವಾಗಿಲ್ಲ ಬಿಡಿ” ಎಂದು ಹೇಳುವ ಅಧಿಕಾರ ನಡುವಿನವರಿಗೆ ಎಲ್ಲಿಂದ ಬರಬೇಕು? ನನ್ನ ಸೀರೆಯ ಜರಿ ನಕಲಿಯಾದರೆ ನಾನು ನುಂಗಿಕೊಳ್ಳಬಹುದು. ಮಕ್ಕಳ ಊಟಕ್ಕೆ ಯಾರೋ ದಾನವಾಗಿ ಕೊಟ್ಟ ಅಕ್ಕಿಯಲ್ಲಿ ಹುಳುವಿದ್ದರೆ ನುಂಗಿಕೊಳ್ಳುವವರು ಮಕ್ಕಳು. ಅಲ್ಲಿ ದಾಕ್ಷಿಣ್ಯ ನನ್ನ ದೊಡ್ಡತನವಾಗುವುದಿಲ್ಲ.

ಕನ್ನಡದಲ್ಲಂತೂ ಈ ಮಾತಿಗೆ ಇನ್ನೂ ತೂಕವಿದೆ. ಇಂಗ್ಲಿಷ್ ಓದಬಲ್ಲ ಮಗು ಒಂದು ಕಡೆ ತಪ್ಪಿದ್ದರೆ ಇನ್ನು ನಾಲ್ಕು ಕಡೆ ಹುಡುಕಿ ತಾಳೆ ನೋಡುತ್ತದೆ. ಕನ್ನಡ ಮಾಧ್ಯಮದ ಮಗುವಿಗೆ ಒಂದು ವಿಷಯದ ಮೇಲೆ ಎಷ್ಟೋ ಸಲ ಸಿಗುವುದು ಒಂದೇ ಬರಹ. ಅದು ತಪ್ಪಿದರೆ ತಪ್ಪೇ ಅದರ ವಿದ್ಯೆಯಾಗುತ್ತದೆ. 2010ರ ದಶಕದಲ್ಲಿ ನಮ್ಮ ರಾಜ್ಯದ ಪ್ರೌಢಶಾಲೆಗಳ ಶಿಕ್ಷಕರು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಕಂಪ್ಯೂಟರ್ ಕೋಣೆಗಳಲ್ಲಿ ಕೂತು ಮುಕ್ತ ತಂತ್ರಾಂಶಗಳನ್ನು ಕಲಿತರು. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಹೆಸರಿನಲ್ಲಿ ಶಿಕ್ಷಕರೇ ಪಾಠದ ಪುಟಗಳನ್ನು ಬರೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಾಗ, 2003ರಿಂದ ನಡೆಯುತ್ತ ಬಂದ ಕನ್ನಡ ವಿಕಿಪೀಡಿಯಕ್ಕೆ ದುಡಿಯುವವರಿಗೆ ಅದೊಂದು ದೊಡ್ಡ ಬಲವಾಯಿತು. ಇವೆಲ್ಲ ಕೊಟ್ಟವರು ದೊಡ್ಡವರೆಂಬುದರಲ್ಲಿ ಅನುಮಾನವಿಲ್ಲ. ಹಾಗೆಂದು ಕೊಟ್ಟದ್ದನ್ನು ತಿದ್ದಬಾರದು ಎಂದಲ್ಲ. ಮುಕ್ತ ಎಂಬ ಮಾತಿನ ಅರ್ಥವೇ ತಿದ್ದಲು ಬಿಡುವುದು. ಪುಕ್ಕಟೆ ಎಂಬ ಮಾತಿಗೂ ಅದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ನಮ್ಮ ಹಳೆಯವರಿಗೆ ಇದು ತಿಳಿದಿತ್ತು. ಸಾವಿರ ವರ್ಷಗಳ ಹಿಂದೆ ದಾನಚಿಂತಾಮಣಿ ಎನಿಸಿಕೊಂಡ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ನಾವೆಲ್ಲ ಶಾಲೆಯಲ್ಲಿ ಓದಿದ ವಿಷಯ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಓಲೆಗರಿಯ ಮೇಲೆ ಕಂಠದಿಂದ ಕೊರೆದು ಸಾವಿರ ಪ್ರತಿ! ಎಷ್ಟು ಕೈಗಳು ಬೇಕಾಗಿದ್ದವೋ, ಅವರನ್ನು ಕೂರಿಸಿ, ಉಣ್ಣಿಸಿ, ಕೆಲಸ ಹಂಚಿ, ನೋಡಿಕೊಂಡ ಶ್ರಮ ಎಷ್ಟೋ. ನಾವು ಅವಳನ್ನು ದಾನಿ ಎಂದು ಹೊಗಳುತ್ತೇವೆ. ಕೆಲಸ ಸಂಘಟಿಸಿದವಳು ಎಂದು ನೆನೆಯುವುದು ಕಡಿಮೆ. ಇನ್ನು ನಮ್ಮ ಲಿಪಿಕಾರರು ಪ್ರತಿಯ ಕೊನೆಯಲ್ಲಿ, ಬರಹದಲ್ಲಿ ತಪ್ಪು ಕಂಡರೆ ಬಲ್ಲವರು ತಿದ್ದಿಕೊಂಡು ಓದಬೇಕೆಂದು ಬೇಡಿಕೊಳ್ಳುವ ಪದ್ಧತಿಯೂ ಇತ್ತು. ಬರೆದವನೇ ಕೈಮುಗಿದು ತಿದ್ದಿ ಎನ್ನುತ್ತಾನೆ. ತಿದ್ದಿಸಿಕೊಳ್ಳುವುದು ಅವಮಾನವಲ್ಲ, ಬರೆಯುವ ಕೆಲಸದ ಕೊನೆಯ ಸಾಲು ಎಂದು ಅವನು ಬಲ್ಲ.

ಹೀಗೆ ಯೋಚಿಸುತ್ತ ಹೋದ ಹಾಗೆ, ಈ ಕೆಲಸವನ್ನು ದಾನ ಎಂದು ಕರೆದದ್ದರಲ್ಲೇ ತೊಡಕು ಇದೆಯೇನೋ ಅನ್ನಿಸಿತು. ನಮ್ಮ ಕಡೆ ದಾನವೂ ಅಲ್ಲದ, ಕೂಲಿಯೂ ಅಲ್ಲದ ಇನ್ನೊಂದು ಇದೆ. ಅದು ಮುಯ್ಯಿ. ರಾಗಿ ಹೊಲದ ಕಳೆಗೆ, ಗದ್ದೆ ನಾಟಿಗೆ ಪಕ್ಕದ ಮನೆಯವರು ಮುಯ್ಯಾಳಾಗಿ ಬರುತ್ತಾರೆ. ದುಡ್ಡಿನ ಮಾತಿಲ್ಲ. ನಾಳೆ ಅವರ ಹೊಲಕ್ಕೆ ನಾವು ಹೋಗಬೇಕು, ಅಷ್ಟೇ. ಅಲ್ಲಿ ಯಾರೂ ಹಲ್ಲು ಎಣಿಸಲು ನಾಚುವುದಿಲ್ಲ. “ಅಲ್ಲೊಂದು ಸಾಲು ಬಿಟ್ಟಿದ್ದೀಯಲ್ಲೇ, ನೋಡು” ಎಂದು ಹೊಲದೊಡತಿ ಕೂಗಿ ಹೇಳುತ್ತಾಳೆ. ಬಂದವಳು ನಕ್ಕು ಹಿಂದಿರುಗಿ ಆ ಕಳೆ ಕೀಳುತ್ತಾಳೆ. ನಾಳೆ ತನ್ನ ಹೊಲದಲ್ಲಿ ತಾನೂ ಹಾಗೆಯೇ ಕೂಗುವವಳೆಂದು ಅವಳಿಗೆ ಗೊತ್ತು. ದಾನದಲ್ಲಿ ಕೊಟ್ಟವರ ಕೈ ಮೇಲೆ, ಕೂಲಿಯಲ್ಲಿ ದುಡ್ಡು ಕೊಟ್ಟವರ ಕೈ ಮೇಲೆ. ಮುಯ್ಯಿಯಲ್ಲಿ ಎರಡು ಕೈಯೂ ಸಮ. ಸಮಾನರ ನಡುವೆ ಮಾತ್ರ ತಿದ್ದುವ ಮಾತು ಹಗುರವಾಗಿ ಆಡಲು ಬರುತ್ತದೆ.

ಮದುವೆಮನೆಯ ಮುಯ್ಯಿಯನ್ನೂ ನೆನೆಯಿರಿ. ಒಬ್ಬರು ಪುಸ್ತಕ ಹಿಡಿದು ಕೂತು ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾರೆ. ಇಪ್ಪತ್ತು ವರ್ಷದ ಮೇಲೆ ಆ ಮನೆಯ ಮೊಮ್ಮಗಳ ಮದುವೆಗೆ ಅದನ್ನು ನನ್ನ ಮಗ ತೀರಿಸಿಯಾನು. ಪಡೆದವರು ಒಬ್ಬರು, ತೀರಿಸುವವರು ಇನ್ನೊಬ್ಬರು. ನನ್ನ ವಿದ್ಯಾರ್ಥಿನಿಯ ಮೇಲೆ ಮುನಿದ ಆ ಹುಡುಗನೂ ಈ ವಿದ್ಯೆ ಕಲಿಯುವಾಗ ಯಾರ್‍ಯಾರೋ ಬಿಟ್ಟಿ ಬರೆದ, ಇನ್ಯಾರೋ ಬಿಟ್ಟಿ ತಿದ್ದಿದ ಪುಟಗಳನ್ನು ಓದಿಯೇ ಕಲಿತಿರಬೇಕು. ಅವರಿಗೆ ಅವನು ಏನು ಕೊಟ್ಟ? ಕೊಡಲು ಅವರು ಯಾರೆಂದೇ ಗೊತ್ತಿಲ್ಲ. ಆದ್ದರಿಂದ ಹಿಂದಕ್ಕೆ ತೀರಿಸಲಾಗದ ಮುಯ್ಯಿಯನ್ನು ಮುಂದಿನವರಿಗೆ ತೀರಿಸುತ್ತಿದ್ದಾನೆ. ನಮ್ಮೂರಿನವರಿಗೆ ಇದು ಹೊಸದಲ್ಲ. ಗೊರೂರಿನಿಂದ ಬಂದ ಹೇಮಾವತಿಯ ನೀರು ಬಾಗೂರು–ನವಿಲೆ ಸುರಂಗ ಹಾದು ತುಮಕೂರಿನ ಕಡೆಗೆ ಹೋಗುತ್ತದೆ. ಎಲ್ಲಿಂದಲೋ ಬಂದದ್ದು ಮುಂದಕ್ಕೆ ಹರಿಯುವುದನ್ನು ನಾವು ದಿನವೂ ಬಲ್ಲೆವು.

“ನೀನು ತಿದ್ದಿದ್ದು ಸರಿಯಮ್ಮ. ಆದರೆ ಮುಯ್ಯಾಳನ್ನ ತಿದ್ದೋ ಹಾಗೆ ತಿದ್ದಿದೆಯೋ, ಕೂಲಿಯಾಳನ್ನ ತಿದ್ದೋ ಹಾಗೆ ತಿದ್ದಿದೆಯೋ, ಅದನ್ನ ನೀನೇ ಯೋಚನೆ ಮಾಡು” ಎಂದು ನಾನು ಅವಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹನ್ನೊಂದನ್ನೂ ಒಟ್ಟಿಗೆ ಕಳಿಸಿದೆ ಮಿಸ್. ಚೆನ್ನಾಗಿದ್ದ ಜಾಗ ಯಾವುದೂಂತ ಒಂದು ಮಾತೂ ಬರೀಲಿಲ್ಲ” ಎಂದಳು. ಅವಳೇ ಉತ್ತರ ಹುಡುಕಿಕೊಂಡಿದ್ದಳು.

ನೋಯಿಸದೆ ತಿದ್ದುವ ಬಗೆ ಉಂಟೆ ಎಂದರೆ, ಉಂಟು. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆ ರಜೆಯಲ್ಲಿ ನಾವು ಐದಾರು ಶಿಕ್ಷಕಿಯರು ಸೇರಿ, ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶವನ್ನು ಬಳಸುವುದು ಹೇಗೆಂದು ಕನ್ನಡದಲ್ಲಿ ಕೆಲವು ಪುಟ ಬರೆದೆವು. ತ್ರಿಭುಜ ಎಳೆಯುವುದು, ಕೋನ ಅಳೆಯುವುದು, ಹೀಗೆ. ನಾನು ಗಣಿತದವಳಲ್ಲ, ಕನ್ನಡ ನೋಡಿಕೊಳ್ಳುವುದು, ಎಲ್ಲರಿಗೂ ಕೆಲಸ ಹಂಚುವುದು ನನ್ನ ಪಾಲು. ಗಣಿತದ ಮೇಡಂ ಬರೆದ ಪುಟದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದು ಅವರಿಗೆ ಮಾತ್ರ ಅರ್ಥವಾಗುತ್ತಿತ್ತು. ಹಾಗೆಂದು ಬಾಯಿಬಿಟ್ಟು ಹೇಳುವುದು ಹೇಗೆ? ಆಗ ನಾವು ಒಂದು ನಿಯಮ ಮಾಡಿಕೊಂಡೆವು. ಕಂಪ್ಯೂಟರ್ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಕೈಗೆ ಪುಟ ಕೊಡುವುದು. ಬರೆದವರು ಪಕ್ಕದಲ್ಲಿ ಕೂರಬಹುದು, ಆದರೆ ಮಾತಾಡುವ ಹಾಗಿಲ್ಲ.

ಬಿಸಿಯೂಟದ ಅಡುಗೆಯಮ್ಮ ಬಂದು ಕೂತರು. ಏಳನೆಯ ತರಗತಿ ಓದಿದವರು. ಮೊದಲ ಸಾಲು ಓದಿದರು, ಮೌಸು ಹಿಡಿದರು, ನಿಂತರು. “ಕ್ಲಿಕ್ ಮಾಡಿ ಅಂತ ಬರ್ದವ್ರೆ. ಇಲ್ಲಿ ಎರಡು ಗುಂಡಿ ಅವೆ. ಯಾವ್ದನ್ನ ಒತ್ಲಿ?” ಎಂದರು. ಗಣಿತದ ಮೇಡಂ ಬಾಯಿ ತೆರೆದು, ನಿಯಮ ನೆನಪಾಗಿ ಮುಚ್ಚಿಕೊಂಡರು. ಅಡುಗೆಯಮ್ಮ ಮುಂದಕ್ಕೆ ಹೋಗಿ ಇನ್ನೂ ಮೂರು ಕಡೆ ನಿಂತರು. ಆಮೇಲೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮೇಡಂ ತಾವೇ ಕಾಗದ ಎಳೆದುಕೊಂಡು ಮೊದಲಿನಿಂದ ಬರೆಯಲು ಕೂತರು. ಎರಡನೆಯ ಸಲ ಅಡುಗೆಯಮ್ಮ ಎಲ್ಲೂ ನಿಲ್ಲದೆ ತ್ರಿಭುಜ ಎಳೆದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ. ನನ್ನ ಬಾಯಿಂದ ಬಂದಿದ್ದರೆ ಅದೇ ಮಾತು ಅವರಿಗೆ ಚುಚ್ಚುತ್ತಿತ್ತು. ಪುಟ ಯಾರಿಗಾಗಿಯೋ ಅವರೇ ಎದುರಿಗೆ ಕೂತು ತಡವರಿಸಿದಾಗ ಮುನಿಸಿಗೆ ಜಾಗವೇ ಇರಲಿಲ್ಲ. ಬರೆದ ಪುಟಗಳ ಕೆಳಗೆ ಬರೆದವರ ಹೆಸರಿನ ಜೊತೆ ಅಡುಗೆಯಮ್ಮನ ಹೆಸರನ್ನೂ ಹಾಕಿದೆವು. ಮುಯ್ಯಿ ಪುಸ್ತಕದಲ್ಲಿ ಹತ್ತು ರೂಪಾಯಿಯವರ ಹೆಸರನ್ನೂ ಬಿಡಬಾರದು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಹೆಂಗಸರಾದ ನಾವು ಅದನ್ನು ಸುಮ್ಮನೆ ದಾಟಿ ಹೋಗಲಾರೆವು. ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಲೆಕ್ಕಕ್ಕೆ ಬಾರದ ದುಡಿಮೆ ದುಡಿಯುವವರನ್ನು ರಜೆಯ ದಿನವೂ ‘ಸೇವೆಗೆ ಬನ್ನಿ’ ಎಂದು ಕರೆಯುವುದು ನ್ಯಾಯವೆ? ಮುಯ್ಯಿ ಎಂಬ ಚಂದದ ಹೆಸರಿಟ್ಟು ಬಿಟ್ಟಿ ಚಾಕರಿ ಮಾಡಿಸಿಕೊಳ್ಳುವ ಜಾಣರೂ ಇರುತ್ತಾರಲ್ಲ? ಇದಕ್ಕೆ ನನಗೆ ತೋರುವ ಅಳತೆ ಇದು. ಮುಯ್ಯಿ ಸುತ್ತಿ ಬರಬೇಕು. ಎಲ್ಲರೂ ಕಳೆ ಕಿತ್ತು ಒಬ್ಬನ ಕಣಜ ಮಾತ್ರ ತುಂಬುವುದಾದರೆ ಅದು ಮುಯ್ಯಿಯಲ್ಲ. ಅಲ್ಲಿ ಕೂಲಿ ಕೇಳುವುದೇ ಧರ್ಮ. ನಂಪೈ ಕಟ್ಟಿದ ಟ್ರಾವಿಸ್ ಆಲಿಫಂಟ್ ಅದಕ್ಕೊಂದು ದೊಡ್ಡ ಕೈಪಿಡಿ ಬರೆದು ಮೊದಲು ಬೆಲೆಗೆ ಮಾರಿದರು, ಆಮೇಲೆ ಮುಕ್ತವಾಗಿ ಬಿಟ್ಟುಕೊಟ್ಟರು. ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅವರೂ ಸಂಸಾರ ನಡೆಸಬೇಕು. 2008ರಲ್ಲಿ ಎಲ್ಲರ ಕೆಲಸ ನೋಡಿಕೊಂಡ ತರುಣನಿಗೆ ಸಂಬಳವಿತ್ತು. ಮುಕ್ತ ತಂತ್ರಾಂಶಗಳನ್ನು ಧಾರಾಳವಾಗಿ ಬಳಸುವ ಗೂಗಲ್ ಕಂಪನಿ, ಅಂಥ ತಂತ್ರಾಂಶಗಳಿಗೆ ವಿವರಣೆ ಬರೆಯುವವರಿಗೆ ಹಣ ಕೊಡುವ ಒಂದು ಯೋಜನೆಯನ್ನು 2019ರಲ್ಲಿ ಆರಂಭಿಸಿತು. ಮನಸ್ಸಿದ್ದಾಗ ಒಂದು ಪುಟ ಬರೆಯುವುದು ಬೇರೆ, ದಿನವೂ ಹೊಣೆ ಹೊತ್ತು ನೂರು ಪುಟ ಕಾಯುವುದು ಬೇರೆ. ಎರಡನೆಯದಕ್ಕೆ ಸಂಬಳ ಕೊಟ್ಟರೆ ಮೊದಲನೆಯದರ ಪಾವಿತ್ರ್ಯ ಕೆಡುವುದಿಲ್ಲ.

ಕರೆಯುವವರಿಗೂ ಕೆಲವು ಕಟ್ಟುಪಾಡು ಬೇಕು. ‘ನಿಮ್ಮ ಕೈಲಾದಷ್ಟು ಸಹಾಯ ಮಾಡಿ’ ಎಂದು ಗಾಳಿಯಲ್ಲಿ ಹೇಳದೆ, ‘ಈ ಒಂದು ಪುಟ, ಶನಿವಾರದೊಳಗೆ’ ಎಂದು ಕೇಳಬೇಕು. ಕೊಟ್ಟ ಪುಟವನ್ನು ತಿಂಗಳುಗಟ್ಟಲೆ ಧೂಳು ಹಿಡಿಸದೆ ಬೇಗ ಓದಬೇಕು. ಓದದೆ ಇಡುವುದು ತಪ್ಪು ಹುಡುಕುವುದಕ್ಕಿಂತ ದೊಡ್ಡ ಅಗೌರವ. ಬರಹವನ್ನು ತಿದ್ದಬೇಕು, ಬರೆದವರನ್ನಲ್ಲ. ತನ್ನ ಬರಹವನ್ನು ಇತರರು ತಿದ್ದಲು ಮೊದಲು ಕೊಡಬೇಕು. ಒಬ್ಬರು ಸಾಕೆಂದು ಎದ್ದು ಹೋದರೆ ಬಾಗಿಲವರೆಗೆ ಹೋಗಿ ಕಳಿಸಿ, ಮತ್ತೆ ಬಂದಾಗ ‘ಇಷ್ಟು ದಿನ ಎಲ್ಲಿದ್ದಿರಿ?’ ಎಂದು ಕೇಳದಿರಬೇಕು. ಆ ಹುಡುಗನಿಗೆ ನನ್ನ ವಿದ್ಯಾರ್ಥಿನಿ ಒಂದು ಕಾಗದ ಬರೆದಿದ್ದಾಳೆ, ಅವನು ಇನ್ನೂ ಉತ್ತರಿಸಿಲ್ಲ. ಉತ್ತರಿಸದಿರುವುದಕ್ಕೂ ಅವನು ಸ್ವತಂತ್ರ.

ಇದೆಲ್ಲ ಕಂಪ್ಯೂಟರಿನವರ ವಿಚಾರ, ನಮಗೇನು ಎಂದು ನೀವು ಕೇಳಬಹುದು. ಹೋದ ತಿಂಗಳಷ್ಟೇ ನೀವು ಮೊಬೈಲಿನಲ್ಲಿ ಕರೆಂಟ್ ಬಿಲ್ಲು ಕಟ್ಟುವುದನ್ನು ಮಗನಿಂದಲೋ ಪಕ್ಕದ ಮನೆಯವರಿಂದಲೋ ಕಲಿತಿರಬಹುದು. ಕಲಿಸಿದವರಿಗೆ ಅದು ಎಷ್ಟು ಸಲೀಸೆಂದರೆ ಎಲ್ಲಿ ಕಷ್ಟವಾಗುತ್ತದೆಂದೇ ಅವರಿಗೆ ಮರೆತುಹೋಗಿದೆ. ನಿಮಗೆ ಮರೆತಿಲ್ಲ. ಎಲ್ಲಿ ಕೈ ನಡುಗಿತು, ಯಾವ ಪದ ಅರ್ಥವಾಗಲಿಲ್ಲ, ಎಲ್ಲಿ ಹಣ ಹೋಯಿತೇನೋ ಎಂದು ಎದೆ ಹೊಡೆದುಕೊಂಡಿತು, ಎಲ್ಲ ನೆನಪಿದೆ. ಹೊಸದಾಗಿ ಕಲಿತವರಷ್ಟು ಚೆನ್ನಾಗಿ ಚೀಟಿ ಬರೆಯಬಲ್ಲವರು ಇಲ್ಲ. ಆ ನೆನಪು ಹೆಚ್ಚು ದಿನ ಉಳಿಯುವುದೂ ಇಲ್ಲ. ಅದು ಇರುವಾಗಲೇ ಒಂದು ಹಾಳೆಯಲ್ಲಿ ನಿಮ್ಮ ಕನ್ನಡದಲ್ಲಿ ಬರೆದು ಓರಗಿತ್ತಿಗೋ ಎದುರುಮನೆಯ ಅಜ್ಜಿಗೋ ಕೊಡಿ. ಅವರು ಅದನ್ನು ನೋಡಿಕೊಂಡು ಮಾಡುವಾಗ ಪಕ್ಕದಲ್ಲಿ ಕೂತು, ಬಾಯಿ ಬಿಡದೆ ನೋಡಿ. ಎಲ್ಲಿ ನಿಂತರೋ ಅಲ್ಲಿ ಇನ್ನೊಂದು ಸಾಲು ಸೇರಿಸಿ.